ಬೆಲ್ಲದ ಸುತ್ತಿಗೆ, ಕಲ್ಲೊಡೆಯುವ ಘನ

ಗೋಡೆಗೆ ಮೊಳೆ ಹೊಡೆಯುವುದೆಂದರೆ ನನಗೆ ಮೊದಲಿನಿಂದಲೂ ಜೀವ ಬಾಯಿಗೆ ಬಂದಂತಾಗುತ್ತದೆ. ಕಾಲೇಜಿನಲ್ಲಿ ತುಂಬಿದ ತರಗತಿಯೆದುರು ಅಳುಕದೆ ಪಾಠ ಹೇಳುವವನು ನಾನು. ಬೆರಳುದ್ದದ ಮೊಳೆಯೆದುರು ನಿಂತರೆ ಬಾಯಿ ಒಣಗುತ್ತದೆ. ಮೊಳೆ ಬಾಗಬಹುದು, ಗಾರೆ ಉದುರಬಹುದು, ಬೆರಳು ಜಜ್ಜಬಹುದು. ಎಲ್ಲವೂ ಒಂದೇ ಏಟಿಗೆ ಆಗಬಹುದೆಂಬುದಕ್ಕೆ ನನ್ನ ಹೆಬ್ಬೆರಳೇ ಸಾಕ್ಷಿ. ಹಾಗಾಗಿ ನಮ್ಮ ಕೊಪ್ಪಳದ ಮನೆಯ ಗೃಹಪ್ರವೇಶಕ್ಕೆಂದು ಮಾವನವರು ಕಿನ್ನಾಳದಲ್ಲಿ ಮಾಡಿಸಿ ತಂದ ಜೋಡಿ ಗಿಳಿಗಳ ಬಣ್ಣದ ಹಲಗೆಯನ್ನು, ಒಳ್ಳೆಯ ಜಾಗ ಹುಡುಕುತ್ತಿದ್ದೇನೆ ಎನ್ನುತ್ತಲೇ ಕಪಾಟಿನ ಮೇಲೆ ಮಲಗಿಸಿಬಿಟ್ಟಿದ್ದೆ.

ಮೊನ್ನೆ ಭಾನುವಾರ ಹೆಂಡತಿ ಫೋನ್ ಕೆಳಗಿಟ್ಟು, "ಅಪ್ಪಾರು ಕುಷ್ಟಗ್ಯಾಗ ಬಸ್ ಹತ್ಯಾರಂತ್ರಿ. ಗಿಳಿ ಎಲ್ಲಿ ಅಂದ್ರ ನಾ ಏನ್ ಹೇಳ್ಲಿ?" ಎಂದಳು. ಮಾವನವರು ಬಾಯಿಬಿಟ್ಟು ಸಿಟ್ಟು ಮಾಡುವವರಲ್ಲ. ತಾವು ಕೊಟ್ಟ ಕಂಬಳಿ ತಮ್ಮ ತಂಗಿಯ ಮನೆಯಲ್ಲಿ ಕಾಲೊರೆಸಲು ಬಿದ್ದಿದ್ದನ್ನು ಕಂಡು, ಚಹಾ ಕುಡಿದು ನಗುತ್ತ ಎದ್ದುಬಂದವರು, ಮತ್ತೆ ಆ ಹೊಸ್ತಿಲು ತುಳಿದಿಲ್ಲ. ನಮ್ಮ ಹೊಸ್ತಿಲಿಗೂ ಅದೇ ಗತಿಯಾದರೆ ಹೆಂಡತಿಗೆ ಹೇಗೆ ಮುಖ ತೋರಿಸಲಿ ಎಂದು ಗಿಳಿಗಳನ್ನು ಕಪಾಟಿನಿಂದ ಕೆಳಗಿಳಿಸಿದೆ.

ಮನೆಯಲ್ಲಿ ಸುತ್ತಿಗೆ ಇಲ್ಲವೆಂದಲ್ಲ. ಇದೆ; ಅದು ಅಡುಗೆಮನೆಯದು. ಬೆಲ್ಲದ ಪೆಂಟೆ ಒಡೆಯುವುದೊಂದೇ ಅದರ ಕೆಲಸ. ದೇವರ ಹೋಳಿಗೆಯ ಬೆಲ್ಲ ಮುಟ್ಟುವ ಸುತ್ತಿಗೆ ತುಕ್ಕು ಹಿಡಿದ ಮೊಳೆಯನ್ನು ಮುಟ್ಟಕೂಡದೆಂಬುದು ಹೆಂಡತಿಯ ಕಾನೂನು. ಅಂದು ಅಪ್ಪನಿಗಾಗಿ ಹೋಳಿಗೆಯೂ ಆಗಬೇಕಿತ್ತು. ನಾನು ಕೈ ಚಾಚಿದೆ, ಅವಳು ಸುತ್ತಿಗೆಯನ್ನು ಸೆರಗಿನಡಿ ಹಿಡಿದಳು.

ಪಕ್ಕದ ಮನೆಯ ಬಸಣ್ಣನ ಬಾಗಿಲು ಬಡಿದೆ. ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ದುಡಿಯುವ ಆತ ಮಂಚದಡಿಯಿಂದ ಸುತ್ತಿಗೆಗಳ ಚೀಲವೊಂದನ್ನು ಎಳೆದು, ಹೊತ್ತುಕೊಂಡು ನಮ್ಮ ಮನೆಗೇ ಬಂದ. ನಾನು ಅದರಿಂದ ತಗಡು ಬಡಿಯುವ ಗುಂಡುತಲೆಯ ಪುಟ್ಟ ಸುತ್ತಿಗೆಯನ್ನು ಆರಿಸಿಕೊಂಡೆ. ಅದರ ಏಟಿಗೆ ಮೊಳೆ ನನಗೆ ನಮಸ್ಕಾರ ಮಾಡುವಂತೆ ಬಾಗಿತು. ಆಮೇಲೆ ಕಟ್ಟಿಗೆಯ ಕೊಡತಿ ಹಿಡಿದೆ. ಅದು ಉಳಿಯ ತಲೆಗೆ ಹೊಡೆಯುವುದಕ್ಕಂತೆ. ಮೊಳೆ ಗೋಡೆಯನ್ನು ಬಿಟ್ಟು ಕೊಡತಿಯೊಳಗೇ ಇಳಿಯಿತು. ಅಷ್ಟರಲ್ಲಿ ಮಾವನವರು ಬಸ್ ನಿಲ್ದಾಣದಲ್ಲಿ ಇಳಿದರೆಂದು ಫೋನು. ಬಸಣ್ಣನಿಗೆ ನನಗಿಂತ ಹೆಚ್ಚು ಹುರುಪು. "ಸಣ್ಣೂವು ಯಾಕ್ರಿ ಸರ, ಒಂದ ಏಟಿಗೆ ಮುಗಸ್ರಿ," ಎಂದು ಕಲ್ಲೊಡೆಯುವ ಘನವನ್ನೇ ಕೈಗಿಟ್ಟ, ಜೊತೆಗೊಂದು ದಪ್ಪ ಮೊಳೆ. ಘನ ಸೊಂಟದಿಂದ ಮೇಲೇಳಲಿಲ್ಲ. ಸೊಂಟದ ಮಟ್ಟದಲ್ಲೇ ಮೊಳೆಯಿಟ್ಟು ಕಣ್ಣು ಮುಚ್ಚಿ ಬೀಸಿದೆ. ಮೊಳೆಯೇನೋ ಭದ್ರವಾಗಿ ಕೂತಿತು. ಸುತ್ತಲಿನ ಗಾರೆ ಜೋಳದ ರೊಟ್ಟಿಯಗಲಕ್ಕೆ ಕಳಚಿ ಬಿತ್ತು. ಗಿಳಿಗಳನ್ನು ಆ ಕುಳಿ ಮುಚ್ಚುವಂತೆ ತೂಗುಹಾಕಿ, ಗಾರೆ ಗುಡಿಸುವಷ್ಟರಲ್ಲಿ ಮಾವನವರು ಅಂಗಳದಲ್ಲಿದ್ದರು.

ಅವರು ಒಳಗೆ ಬಂದು, ನಿಂತಲ್ಲಿಂದಲೇ ಗೋಡೆಗಳ ಮೇಲ್ಭಾಗದಲ್ಲೆಲ್ಲ ಕಣ್ಣಾಡಿಸಿದರು. ಏನೂ ಕಾಣದೆ ಮುಖ ಸಣ್ಣದಾಯಿತು. ಹೆಂಡತಿ ನನ್ನತ್ತ ನೋಡಲೇ ಇಲ್ಲ. ಊಟಕ್ಕೆ ಚಾಪೆಯ ಮೇಲೆ ಕೂತಾಗ ಗಿಳಿಗಳು ಅವರ ಕಣ್ಣಿಗೆ ನೇರವಾಗಿ ಬಂದವು. ಇಷ್ಟು ಕೆಳಗೇಕೆ ಎಂದು ಕೇಳಿದರು. ನಿಮ್ಮಂಥ ಹಿರಿಯರು ಉಣ್ಣುವಾಗ ಎದುರಿಗಿರಲಿ ಎಂಬ ಮಾತು ನನ್ನ ಬಾಯಿಂದ ಹೇಗೋ ಬಂತು. ಹೋಳಿಗೆ ಮುರಿಯುತ್ತಿದ್ದ ಅವರ ಕೈ ನಿಂತಿತು, ಕಣ್ಣುಗಳು ಒದ್ದೆಯಾದವು.

"ಇಷ್ಟು ವಿಚಾರ ಮಾಡಿ ಯಾರ್ ಬಡೀತಾರ್ರಿ ಅಳಿಯಾವ್ರ? ನಮ್ಮ ಮನ್ಯಾಗೂ ಹಿಂತಾ ಹಲಗಿ ಅದಾವ. ಬರೋ ಐತವಾರ ಬಂದು ನಿಮ್ಮ ಕೈಲೇ ಬಡದು ಕೊಡ್ರಿ."

ಕುಷ್ಟಗಿಯ ಮಾವನವರ ಮನೆಯ ಗೋಡೆಗಳು ಪೂರ್ತಿ ಕಲ್ಲಿನವು. ನಾಳೆಯೇ ಆ ಭಾನುವಾರ. ಬಸಣ್ಣ ಘನವನ್ನು ಚೀಲಕ್ಕೆ ಹಾಕಿ ಕೊಟ್ಟಿದ್ದಾನೆ. ಬೆಲ್ಲದ ಸುತ್ತಿಗೆಯನ್ನು ಈಗಲೂ ಕೊಡದ ಹೆಂಡತಿ, ಅದೇ ಚೀಲದಲ್ಲಿ ಅರಿಶಿನದ ಡಬ್ಬಿಯನ್ನೂ ಬೆರಳಿಗೆ ಸುತ್ತಲು ಹಳೆಯ ಬಟ್ಟೆಯನ್ನೂ ಇಟ್ಟಿದ್ದಾಳೆ.