ಗೊಂಬೆಗೆ ಬಾಯಿ ಕೊಟ್ಟವಳು ನಾನು

ಮಂದಿ ತಪ್ಪು ಮಾಡುವುದನ್ನು ಬಿಟ್ಟಿಲ್ಲ, ನಾನು ಕಟ್ಟೆ ಮೇಲೆ ಕೂತು ನೋಡುವುದನ್ನು ಬಿಟ್ಟಿಲ್ಲ. ಹಾಗಾಗಿ ನಮ್ಮ ಮಣ್ಣೂರಿನಲ್ಲಿ ನಗುವ ಸಂಗತಿಗೆ ಯಾವತ್ತೂ ಬರ ಬಂದದ್ದಿಲ್ಲ. ಭೀಮಾ ಹೊಳೆಯಾದರೂ ಒಮ್ಮೊಮ್ಮೆ ಬತ್ತುತ್ತದೆ, ಇದು ಬತ್ತುವುದಿಲ್ಲ. ನಾನು ಕಲಿತದ್ದು ಎರಡನೇ ಇಯತ್ತೆ. ಅಷ್ಟರಲ್ಲಿ ನಾಲ್ಕು ಅಕ್ಷರ ಬಂತು, ಮಾತು ಮೊದಲೇ ಬರುತ್ತಿತ್ತು. ಇಲ್ಲಿ ಯಾರ ಹೆಸರೂ ಹಾಕುವುದಿಲ್ಲ. ತಿಳಿಯುವವರಿಗೆ ಹೆಸರಿಲ್ಲದಿದ್ದರೂ ತಿಳಿಯುತ್ತದೆ. ತಿಳಿಯದೇ ಹೋದ ಒಬ್ಬನ ಕತೆಯೂ ಇದರಲ್ಲೇ ಇದೆ.

ಕೌದಿ ಚಿಂದಿಯ ಮುದುಕಿ

ನಮ್ಮ ಸೊಸೆ ಜೇವರ್ಗಿ ಕಡೆಯವಳು, ಆಶಾ ಕಾರ್ಯಕರ್ತೆ. ಮಂದಿಗೆ ಬುದ್ಧಿ ಹೇಳುವುದು ಅವಳ ಕೆಲಸ. ಮಂದಿಗೆ ಬೇಡವಾದದ್ದೂ ಅದೇ. ಗುಡಿ ಮುಂದೆ ಸಭೆ ಕರೆದರೆ ನಾಲ್ಕು ಜನ ಬರುತ್ತಿದ್ದರು. ಇಬ್ಬರು ನೆರಳಿಗೆ ಬಂದವರು, ಒಬ್ಬಳು ತನ್ನ ಸೊಸೆ ಜೊತೆ ಜಗಳಾಡಿ ಮನೆ ಬಿಟ್ಟು ಬಂದವಳು, ನಾಲ್ಕನೆಯವಳು ನಾನು.

ಒಂದು ದಿನ ಅಂಥ ಸಭೆ ಮುಗಿಸಿ ಬಂದು ನೋಡುತ್ತಾಳೆ, ನಮ್ಮ ಕಟ್ಟೆ ಮುಂದೆ ಹದಿನೈದು ಹೆಂಗಸರು! ಗಿರಣಿಯವನ ಹೆಂಡತಿಯ ಸಂಗತಿ ಹೇಳುತ್ತಿದ್ದೆ ನಾನು. ಆಕೆ ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್ ಇಳಿಬಿಟ್ಟು, ಸ್ವಿಚ್ಚು ಆರಿಸದೆ, ನೀರು ಕಾದಿದೆಯೋ ಎಂದು ಬೆರಳು ಅದ್ದಿದ್ದಳು. ಕರೆಂಟು ಹೊಡೆದು ಹಿಂದಕ್ಕೆ ಹಾರಿ ಬಿದ್ದಳು. ಎಬ್ಬಿಸಲು ಬಂದ ಅತ್ತೆಗೆ ಒಂದು ಒದೆ ಬಿತ್ತು. "ಕರೆಂಟಿಗೆ ಕಾಲು ತಾನ ಎದ್ದಿತ್ರಿ" ಎಂದು ಆಕೆ ಹೇಳುತ್ತಾಳೆ. ಕರೆಂಟು ಹೋಗಿ ಐದು ನಿಮಿಷವಾಗಿತ್ತು ಎಂದು ಅತ್ತೆ ಹೇಳುತ್ತಾಳೆ. ನಾನು ಎರಡೂ ಕಡೆಯದನ್ನು ಹೇಳುತ್ತೇನೆ, ನನಗೆ ಭೇದವಿಲ್ಲ.

ಸೊಸೆ ಎಲ್ಲ ಕೇಳಿಸಿಕೊಂಡು ಒಳಗೆ ಬಂದಳು. "ಅತ್ತಿ, ನನ್ನ ಮಾತು ಯಾರೂ ಕೇಳವಲ್ರು. ನಿಮ್ಮ ಬಾಯಿ ನನಗ ಕೊಡ್ರಿ."

"ಬಾಯಿ ಕೊಟ್ಟು ನಾ ಏನು ಮಾಡ್ಲಿ ಬೇ?"

"ನೀವು ಹಿಂದ ಕುಂತು ಮಾತಾಡ್ರಿ, ಮುಂದ ನಾ ಗೊಂಬಿ ಕುಣಸ್ತೇನಿ. ಫೋನಿನಾಗ ಹಿಡದು ಮಂದಿಗಿ ಬಿಡೋಣು."

ಕೌದಿಯ ಚಿಂದಿಯಿಂದ ಮುದುಕಿ ಗೊಂಬೆ ಹೊಲಿದಳು. ತಲೆಗೆ ಅರಳೆ, ಮೂಗುತಿಗೆ ಅಂಗಿಯ ಗುಂಡಿ, ಉಡಲು ನನ್ನ ಹಳೆ ಇಳಕಲ್ ಸೀರೆಯ ಸೆರಗು. ಬಾಯಿ ಮಾತ್ರ ಕಿವಿಯಿಂದ ಕಿವಿಗೆ. "ಇಷ್ಟು ದೊಡ್ಡದು ಯಾಕ?" ಎಂದೆ. "ಅಳತಿ ನಿಮ್ಮದ ರಿ" ಎಂದಳು. ಗೊಂಬೆಗೆ ಪುಕಾರವ್ವ ಎಂದು ಹೆಸರಿಟ್ಟೆವು. ಹೊರಸು ಮಂಚವನ್ನು ನಿಲ್ಲಿಸಿ ಅದರ ಮೇಲೆ ಚಾದರ ಹಾಕಿದರೆ ಪರದೆ. ಜೋಳದ ಡಬ್ಬಿಗೆ ಫೋನು ಆನಿಸಿದರೆ ಕ್ಯಾಮೆರಾ. ಕಾಯಿಲ್ ಸಂಗತಿಯೇ ಮೊದಲನೆಯ ವಿಡಿಯೋ. ಅಫಜಲಪುರ, ಆಳಂದ, ಜೇವರ್ಗಿ ಎಲ್ಲ ತಿರುಗಿ ಬಂತು. ಗಿರಣಿಯವನ ಹೆಂಡತಿ ಈಗ ಮೊದಲು ಪಿನ್ನು ಕೀಳುತ್ತಾಳೆ, ಆಮೇಲೆ ನನ್ನನ್ನು ಬೈಯುತ್ತಾಳೆ.

ಸೊಸೆಗೆ ಈ ಹುಚ್ಚು ಹಿಡಿಯಲು ಒಂದು ಕಾರಣವಿತ್ತು. ಹೋದ ಕಬ್ಬಿನ ಹಂಗಾಮಿನಲ್ಲಿ ನನ್ನ ಮಗ ಮುಚ್ಚಂಜೆಗೆ ಬೈಕಿನ ಮೇಲೆ ಬರುವಾಗ, ಯಾರದೋ ಕಬ್ಬಿನ ಟ್ರಾಲಿ ರಸ್ತೆಯಲ್ಲಿ ನಿಂತದ್ದು ಕಾಣಲೇ ಇಲ್ಲ. ಹಿಂದೆ ಹೊಳೆಯುವ ರೇಡಿಯಂ ಪಟ್ಟಿ ಇರಲಿಲ್ಲ. ಹೋಗಿ ಬಡಿದ. ಎಡಗೈ ಮುರಿಯಿತು, ಜೀವ ಉಳಿಯಿತು. ಅವನನ್ನು ನೋಡಲು ಕರಜಗಿಯಿಂದ ನನ್ನ ತಮ್ಮ ಪಪ್ಪಾಯಿ ತಂದ. ತನ್ನ ಟ್ರಾಕ್ಟರಿನಲ್ಲೇ ಬಂದ. ಅವನೂ ಭೂಸನೂರ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಸಾಗಿಸುವವನೇ. ಕಳಿಸಲು ಹೊರಗೆ ಹೋಗಿ ನೋಡುತ್ತೇನೆ, ಅವನ ಟ್ರಾಲಿಯ ಹಿಂದೆಯೂ ರೇಡಿಯಂ ಇಲ್ಲ!

"ಲೇ, ಒಳಗ ನಿನ್ನ ಅಳಿಯ ಕೈ ಮುರಕೊಂಡು ಬಿದ್ದಾನ. ನಿನ್ನ ಗಾಡಿ ನೋಡು!"

"ಹಿಂದ ಅವ್ವನ ಹೆಸರು ಬರಸೇನಕ್ಕ. ಅದರ ಮ್ಯಾಲ ಪಟ್ಟಿ ಹಚ್ಚು ಅಂದ್ರ ನಾ ಹಚ್ಚಂಗಿಲ್ಲ."

"ಕಬ್ಬು ಹೇರಿದ ಮ್ಯಾಲ ಸೋಗಿ ಇಳಿಬಿದ್ದು ಅವ್ವನ ಹೆಸರರ ಎಲ್ಲಿ ಕಾಣ್ತದೋ?"

"ಕಾಣದಿದ್ರೂ ಆಕಿ ಮ್ಯಾಲಿಂದ ಕಾಯ್ತಾಳ" ಎಂದು ಹೋದ.

ಇರುವವನು ಒಬ್ಬನೇ ತಮ್ಮ. ಮುಂದಿನ ಹಂಗಾಮು ಶುರುವಾಗುವುದರೊಳಗೆ ಆ ಟ್ರಾಲಿಗೆ ಕೆಂಪು ಹೊಳಪು ಹತ್ತಿಸಬೇಕು ಎಂದು ಅತ್ತೆ ಸೊಸೆ ಇಬ್ಬರೂ ಹಟ ಹಿಡಿದೆವು. ಅಲ್ಲಿಯ ತನಕ ಮಾಡಿದ ವಿಡಿಯೋಗಳೆಲ್ಲ ಕೈ ಕುದುರಿಸಿಕೊಳ್ಳಲು ಅನ್ನಿರಿ.

ಸಿಲಿಂಡರ್ ತಿರುಗಿ ಹೋಯಿತು

ಫೋನಿಗೆ ಬರುವ ಓಟಿಪಿ ನಂಬರನ್ನು ಯಾರು ಕೇಳಿದರೂ ಹೇಳಬೇಡಿ, ದುಡ್ಡು ಹೋಗುತ್ತದೆ ಎಂದು ಪುಕಾರವ್ವನ ಬಾಯಿಂದ ಹೇಳಿಸಿದೆವು. ಪುಕಾರವ್ವ ಎದೆ ಬಡಿದುಕೊಂಡು, "ಅಪ್ಪ ಕೇಳಿದ್ರೂ ಹೇಳಬ್ಯಾಡ್ರಿ, ಅಳಿಯ ಕೇಳಿದ್ರಂತೂ ಮೊದಲ ಹೇಳಬ್ಯಾಡ್ರಿ!" ಎಂದಳು. ಅಳಿಯನ ಮಾತು ಸೊಸೆ ಬರೆದುಕೊಟ್ಟದ್ದಲ್ಲ, ನಾನೇ ಸೇರಿಸಿದ್ದು.

ಓಣಿಯಲ್ಲಿ ಒಬ್ಬರು ಕಿರಾಣಿ ಸಾವುಕಾರರಿದ್ದಾರೆ. ಅದನ್ನು ಅವರು ಹನ್ನೊಂದು ಸಲ ನೋಡಿದರಂತೆ. ಮರುವಾರ ಅವರ ಮನೆಗೆ ಗ್ಯಾಸಿನವನು ಸಿಲಿಂಡರ್ ಹೊತ್ತು ಬಂದ. "ಸಾವುಕಾರ್ರ, ಫೋನಿಗಿ ನಂಬರ್ ಬಂದದ, ಹೇಳ್ರಿ."

"ಯಾಕ ಹೇಳ್ಲಿ?"

"ನಂಬರ್ ಹೇಳಿದ್ರ ಸಿಲಿಂಡರ್ ಕೊಡ್ತೇನ್ರಿ."

"ಹಿಂಗ ಆಸೆ ಹಚ್ಚೇ ಕೇಳ್ತಾರ ಅಂತ ಪುಕಾರವ್ವ ಹೇಳ್ಯಾಳ."

"ರೀ, ಭುಜದ ಮ್ಯಾಲ ಸಿಲಿಂಡರ್ ಅದರಿ! ಕಣ್ಣಿಗಿ ಕಾಣವಲ್ದೇನ್ರಿ?"

"ಕಳ್ಳರು ಈಗ ಬಾಳ ತಯಾರಿ ಮಾಡ್ಕೊಂಡು ಬರ್ತಾರ" ಎಂದು ಬಾಗಿಲು ಹಾಕಿಕೊಂಡರು.

ಸಿಲಿಂಡರ್ ತಿರುಗಿ ಹೋಯಿತು. ಸಾವುಕಾರರ ಹೆಂಡತಿ ಮೂರು ದಿನ ಕಟ್ಟಿಗೆ ಒಲೆ ಊದಿ, ನಾಲ್ಕನೇ ದಿನ ಕೆಂಪು ಕಣ್ಣಲ್ಲಿ ನಮ್ಮ ಬಾಗಿಲಿಗೆ ಬಂದಳು. ಮನೆಗೆ ಬಂದು ಕೊಡುವವನಿಗೆ, ಸಾಮಾನು ಕಣ್ಣೆದುರು ಇದ್ದಾಗ ಹೇಳಬಹುದು ಎಂದು ಇನ್ನೊಂದು ವಿಡಿಯೋ ಮಾಡಬೇಕಾಯಿತು. ಅದರಲ್ಲಿ ಗಂಡನನ್ನು ಎರಡು ಮಾತು ಬೈಯಲೇಬೇಕು ಎಂದು ಆಕೆ ಹಟ ಮಾಡಿದಳು. ಬೈಗಳನ್ನು ಆಕೆಯೇ ಹೇಳಿಕೊಟ್ಟಳು. ನಲವತ್ತು ವರ್ಷ ಕೂಡಿಟ್ಟ ಬೈಗಳು, ಎರಡಕ್ಕೆ ನಿಲ್ಲಲಿಲ್ಲ.

ಏಳು ಮನೆಯ ಬಾಟಲಿ

ನಮ್ಮ ಹಿಂದಿನ ಓಣಿಯ ಒಂದು ಮನೆಯಲ್ಲಿ, ತೊಗರಿಗೆ ಹೊಡೆದು ಉಳಿದ ಔಷಧವನ್ನು ತಂಪು ಪಾನೀಯದ ಬಾಟಲಿಗೆ ಹಾಕಿ ಅಡುಗೆ ಮನೆಯ ಗೂಡಿನಲ್ಲಿ ಇಟ್ಟಿದ್ದರು. ಪಕ್ಕದಲ್ಲೇ ಅಡುಗೆಯ ಒಳ್ಳೆಣ್ಣೆ. ನಾನು ಕಣ್ಣಾರೆ ನೋಡಿದೆ. ಪುಕಾರವ್ವ ಮರುದಿನವೇ ಹೇಳಿದಳು: "ಒಂದು ಮನ್ಯಾಗ ಸಾವು ಬಾಟಲಿಯಾಗ ಕುಂತದ, ಅದರ ಪಕ್ಕದಾಗ ಒಗ್ಗರಣಿ ಸಾಮಾನು ಕುಂತದ. ಮಗ್ಗಲ ಮನಿಯವ್ರ ಪರಿಚಯ ಆಗಲಾರದ ಇರ್ತದೇನ್ರೇ?"

ನಾನು ಹೇಳಿದ್ದು ಒಂದೇ ಮನೆ. ಜಗಳಕ್ಕೆ ಬಂದವರು ಏಳು ಮನೆಯವರು!

"ನಮ್ಮ ಮನಿ ಮಾತು ಊರ ಮುಂದ ಯಾಕ ಇಟ್ಟೀದಿ?" ಎಂದು ಒಬ್ಬಳು. "ನಮ್ಮ ಗೂಡು ನೋಡಾಕ ನಿನಗ ಯಾರು ಹೇಳ್ಯಾರ?" ಎಂದು ಇನ್ನೊಬ್ಬಳು. ಸೊಸೆ ಚಾ ಕಾಸಿ ಕೊಟ್ಟಳು, ಏಳೂ ಮನೆ ಬರೆದುಕೊಂಡಳು, ಸಂಜೆಯೊಳಗೆ ಏಳೂ ಮನೆಗೆ ಹೋಗಿ ಬಾಟಲಿ ಇಳಿಸಿ ಬಂದಳು. ಆರನೇ ಮನೆಯ ಬಾಟಲಿಯಲ್ಲಿ ಮಾತ್ರ ಔಷಧ ಇರಲಿಲ್ಲ, ಕುಡಿಯುವ ಸೆರೆ ಇತ್ತು. ಆ ಮನೆಯ ಯಜಮಾನರು ಹಣೆ ತುಂಬ ವಿಭೂತಿ ಧರಿಸಿ ಊರಿಗೆಲ್ಲ ಬುದ್ಧಿ ಹೇಳುವವರು. ಅವರ ಹೆಂಡತಿಗೆ ಅವತ್ತೇ ಗೊತ್ತಾದದ್ದು. ನಾನು ಯಾರಿಗೂ ಹೇಳಿಲ್ಲ. ಕೇಳಿದವರಿಗೆ ಮಾತ್ರ ಹೇಳಿದ್ದೇನೆ.

ಗೆದ್ದೆ ಎಂದು ಕಾಲು ಚಾಚಿ ಕೂತಿದ್ದೆ. ಸೊಸೆ ಅಟ್ಟದಿಂದ ಇಳಿದು ಬಂದು, "ಅತ್ತಿ, ಎಂಟನೇದು ಇಲ್ಲಿ ಅದ ನೋಡ್ರಿ" ಎಂದು ನನ್ನ ಗಂಡ ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟಿದ್ದ ಬಾಟಲಿ ತೋರಿಸಿದಳು.

ತಿಳಿಯದೇ ಹೋದವನು

ಶ್ರಾವಣ ಹಿಡಿಯಿತು. ಇನ್ನು ತಡ ಮಾಡಬಾರದೆಂದು ತಮ್ಮನ ಮೇಲೆ ವಿಡಿಯೋ ಮಾಡಿದೆವು. ಹೆಸರಿಲ್ಲ, ಊರಿಲ್ಲ. ಒಬ್ಬ ಟ್ರಾಕ್ಟರಿನವನು, ಟ್ರಾಲಿಯ ಹಿಂದೆ ಅವ್ವನ ಹೆಸರು ಬರೆಸಿದವನು, ರೇಡಿಯಂ ಹಚ್ಚು ಎಂದರೆ ಅವ್ವ ಕಾಯುತ್ತಾಳೆ ಎನ್ನುವವನು. ಪುಕಾರವ್ವ ಕೈ ತಿರುವಿ ಕೇಳಿದಳು: "ಏನಪ್ಪಾ, ನಿಮ್ಮವ್ವ ಜೀವ ಇದ್ದಾಗ ಆಕಿನ್ನ ಕತ್ತಲಾಗ ರಸ್ತಾದ ಮ್ಯಾಲ ನಿಂದ್ರಸ್ತಿದ್ದೇನು? ಈಗ್ಯಾಕ ನಿಂದ್ರಸ್ತಿ?"

ಅರ್ಧ ತಾಸಿಗೆ ತಮ್ಮನ ಫೋನು ಬಂತು.

"ಅಕ್ಕಾ! ಏನ್ ಮಸ್ತ್ ಬೈದೀದಿ! ನಕ್ಕು ನಕ್ಕು ಹೊಟ್ಟಿ ಹಿಡಕೊಂಡೇನಿ. ಅಂಥ ದಡ್ಡ ಯಾರಕ್ಕ ಅವ?"

"ಅದಾನಪ್ಪ ಒಬ್ಬ, ನಮ್ಮ ಪೈಕಿನವನ."

"ನಮ್ಮವರಾಗ ಅಂಥವ್ರು ಅದಾರೇನು? ಮರ್ಯಾದಿ ಹೋತಲ್ಲಕ್ಕ!" ಎಂದವನು ಕರಜಗಿಯ ಟ್ರಾಕ್ಟರಿನವರಿಗೆಲ್ಲ ಅದನ್ನು ತಾನೇ ಕಳಿಸಿದ.

ಬಾಟಲಿ ಮಾತು ಯಾರಿಗೆ ಹೇಳಿರಲಿಲ್ಲವೋ ಆ ಆರು ಮನೆಯವರೂ ತಮಗೇ ಹೇಳಿದ್ದು ಎಂದು ಬಂದರು. ಇಲ್ಲಿ ಯಾರಿಗೆ ಹೇಳಿದ್ದೆವೋ ಅವನೇ ಹಂಚಿ ಬಂದ! ಮೂರನೇ ದಿನ ಚಾದ ಹೋಟೆಲಿನಲ್ಲಿ ಒಬ್ಬ ತಮ್ಮನಿಗೆ, "ಮಾಮಾ, ನಿಮ್ಮ ಮ್ಯಾಲಿನ ವಿಡಿಯೋ ನೀವ ಎಲ್ಲರಿಗಿ ಕಳಸೀರಿ. ಇಷ್ಟು ದೊಡ್ಡ ಮನಸು ಯಾರಿಗಿ ಇರ್ತದ್ರಿ?" ಎಂದನಂತೆ.

ಅವತ್ತಿಗೆ ಅವನು ನನ್ನ ಜೊತೆ ಮಾತು ಬಿಟ್ಟ. ನಾಗರ ಪಂಚಮಿಗೆ ತವರಿನವರು ಕರೆಯಲು ಬರಬೇಕು. ನನಗೆ ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಲ್ಲ. ಈ ವರ್ಷವೂ ಸೀರೆ ಮಡಚಿ ಚೀಲ ತುಂಬಿ ಕಟ್ಟೆ ಮೇಲೆ ಕೂತೆ. ಓಣಿಯ ಜೋಕಾಲಿಗಳೆಲ್ಲ ಜೀಕಿ ನಿಂತವು. ಯಾರೂ ಬರಲಿಲ್ಲ.

"ಹೆಸರು ಹೇಳಿಲ್ಲಲ್ರಿ ನಾ" ಎಂದೆ ಗಂಡನ ಮುಂದೆ, ಕಣ್ಣು ಒರೆಸಿಕೊಂಡು.

"ಹೌದು, ಹೆಸರೊಂದು ಬಿಟ್ಟೀದಿ" ಎಂದರು ಅವರು.

ಟ್ರಾಲಿಯ ಹಿಂದಿನ ಮುದುಕಿ

ದೀಪಾವಳಿ ಕಳೆದು ಕಬ್ಬಿನ ಹಂಗಾಮು ಶುರುವಾಯಿತು. ಅದೇ ವಾರ ಪುಕಾರವ್ವ ಕಳುವಾದಳು! ಗೂಡಿನಲ್ಲಿ ಇಟ್ಟ ಗೊಂಬೆ ಮುಂಜಾನೆ ಇಲ್ಲ. ಸೊಸೆ ಅಳುಮೋರೆ ಮಾಡಿದಳು. ಏಳು ಮನೆಯವರ ಮೇಲೂ ಸಾವುಕಾರರ ಹೆಂಡತಿಯ ಮೇಲೂ ನಾನು ಅನುಮಾನ ಹಾಕಿದೆ, ಬಾಗಿಲಿಗೆ ಹೋಗಿ ಕೇಳಿಯೂ ಬಂದೆ. ಆರನೇ ಮನೆಯ ವಿಭೂತಿ ಯಜಮಾನರು ನನ್ನನ್ನು ಕಂಡು ಹಿತ್ತಲಿಂದ ಓಡಿದರು; ಅವರೇ ಕಳ್ಳರು ಎಂದು ಊರಿಗೆಲ್ಲ ಹೇಳಿದೆ. ತಪ್ಪಾಯಿತು ಎಂದು ಆಮೇಲೆ ತಿಳಿಯಿತು, ಆದರೆ ಅಷ್ಟು ಮಂದಿಗೆ ತಿರುಗಿ ಹೇಳುತ್ತಾ ಹೋಗಲು ನನ್ನ ಕಾಲಿನಲ್ಲಿ ಶಕ್ತಿ ಇಲ್ಲ.

ನಾಲ್ಕು ದಿನ ಬಿಟ್ಟು ಆಳಂದದಲ್ಲಿ ನೆಂಟರ ಬಸುರಿ ಮಗಳ ಕುಬಸ. ನಾನೂ ನಮ್ಮ ಯಜಮಾನರೂ ಸಂಜೆ ಬಸ್ಸಿಗೆ ಹೊರಟೆವು. ಹೊತ್ತು ಮುಳುಗಿತ್ತು, ಬಸ್ಸಿನ ದೀಪ ಹತ್ತಿತ್ತು. ಒಮ್ಮೆಲೇ ಡ್ರೈವರ್ ಬ್ರೇಕು ಒತ್ತಿ ಕೂಗಿದ: "ಏ, ಟ್ರಾಲಿ ಹಿಂದ ಯಾವಾಕಿನೋ ಮುದುಕಿ ಜೋತು ಬಿದ್ದಾಳ!"

ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಮುಂದೆ ಕಬ್ಬಿನ ಟ್ರಾಲಿ. ಇಳಿಬಿದ್ದ ಸೋಗೆಯ ಮೇಲೆ, ನಟ್ಟ ನಡುವೆ, ಅರಳೆ ಕೂದಲಿನ ಮುದುಕಿ. ಮೈ ತುಂಬ ಕೆಂಪು ಸೀರೆ ಕೆಂಡದಂತೆ ಹೊಳೆಯುತ್ತಿದೆ. ಬಾಯಿ ಕಿವಿಯಿಂದ ಕಿವಿಗೆ.

"ಬೀಳ್ತಾಳ, ಬೀಳ್ತಾಳ!" ಎಂದು ಹೆಂಗಸರು ಕಿರುಚಿದರು. "ಅಜ್ಜೀ, ಗಟ್ಟ್ಯಾಗಿ ಹಿಡ್ಕೊ!" ಎಂದು ಕಂಡಕ್ಟರ್ ಕಿಟಕಿಯಿಂದ ಕೂಗಿದ. ಹಾರ್ನಿನ ಮೇಲೆ ಹಾರ್ನು. ಟ್ರಾಲಿ ನಿಂತಿತು. ಇಳಿದು ಬಂದವನು ನನ್ನ ತಮ್ಮ!

ನಾನು ಬಸ್ಸಿನಿಂದ ಇಳಿದು ಹತ್ತಿರ ಹೋಗಿ ನೋಡಿದೆ. ನಮ್ಮ ಪುಕಾರವ್ವನೇ. ತಮ್ಮನ ಹೆಂಡತಿ ಆಕೆಗೆ ರೇಡಿಯಂ ಪಟ್ಟಿಗಳನ್ನೇ ಕೂಡಿಸಿ ಆಳುದ್ದದ ಸೀರೆ ಹೊಲಿದು ಉಡಿಸಿದ್ದಳು.

"ಕಳ್ಳ!" ಎಂದೆ.

"ಅವ್ವನ ಹೆಸರಿನ ಮ್ಯಾಲ ಹಚ್ಚಂಗಿಲ್ಲ ಅಂದಿದ್ದೆ, ಹಚ್ಚಿಲ್ಲ" ಎಂದ ತಮ್ಮ, ನೆಲ ನೋಡುತ್ತ. "ಅವ್ವ ಕತ್ತಲಾಗ ನಿಂತಾಳ ಅಂದೀದಿ. ಅದು ನನ್ನ ಎದಿಯಾಗ ಚುಚ್ಚಿಕೊಂಡು ಕುಂತಿತ್ತಕ್ಕ. ಅದಕ್ಕ ಆಕಿ ಜೋಡಿ ನಿನ್ನ ನಿಂದ್ರಸೇನಿ. ನಾಲ್ಕು ದಿನ ಆತು, ಎಲ್ಲಾ ಗಾಡಿ ದೂರದಿಂದನ ಸಾವಕಾಶ ಆಗ್ತಾವ. ರೇಡಿಯಂ ಕಂಡು ಅಂಜತಾವೋ, ನಿನ್ನ ಬಾಯಿ ಕಂಡು ಅಂಜತಾವೋ, ಆ ದೇವರಿಗೇ ಗೊತ್ತು."

ನಾನು ನಕ್ಕೆನೋ ಅತ್ತೆನೋ, ಬಸ್ಸಿನವರನ್ನು ಕೇಳಬೇಕು. ಅವನು ಸೀಟಿನ ಕೆಳಗಿನಿಂದ ಒಂದು ಡಬ್ಬಿ ತೆಗೆದು ಕೊಟ್ಟ. "ಪಂಚಮಿ ಉಂಡಿ. ನಿನ್ನ ನಾದಿನಿ ಕೈಲಿ ಹೊಸದಾಗಿ ಕಟ್ಟಿಸೇನಿ. ಹಂಗಾಮು ಮುಗಿದ ಮ್ಯಾಲ ಕರಿಯಾಕ ಬರ್ತೇನಿ, ಚೀಲ ತುಂಬಿಟ್ಟಿರು."

"ಅದಿರ್ಲಿ, ನಮ್ಮ ಮನಿ ಗೂಡಿನಾಗಿಂದ ಗೊಂಬಿ ಹೆಂಗ ಕದ್ದಿ?"

ತಮ್ಮ ನನ್ನ ಹಿಂದೆ ನೋಡಿದ. ಹಿಂದೆ ನಮ್ಮ ಯಜಮಾನರು ಬಸ್ಸು ಹತ್ತಲು ಅವಸರ ಮಾಡುತ್ತಿದ್ದರು. ಕೊಟ್ಟವರು ಅವರೇ! "ಒಂದು ನಾಲ್ಕು ದಿನ ಮನ್ಯಾಗ ಶಾಂತಿ ಇರ್ತದಂತ ಕೊಟ್ಟೆ" ಎಂದು ಆಳಂದ ಬರುವ ತನಕ ಕಿಟಕಿಗೆ ಹೇಳಿದರು, ನನ್ನ ಕಡೆ ತಿರುಗಲಿಲ್ಲ.

ಈಗ ಕರಜಗಿಯ ಟ್ರಾಕ್ಟರಿನವರೆಲ್ಲ ನಮಗೂ ಒಂದು ಮುದುಕಿ ಬೇಕು ಎಂದು ನಮ್ಮ ಬಾಗಿಲಿಗೆ ಬರುತ್ತಾರೆ. ಒಬ್ಬನಿಗೆ ಅದು ಅವನ ಅತ್ತೆಯ ಹಾಗೆ ಇರಬೇಕು, ಇನ್ನೊಬ್ಬನ ಹೆಂಡತಿಗೆ ಅವಳ ಅತ್ತೆಯ ಹಾಗೆ. ಸೊಸೆ ಹೊಲಿಯುತ್ತಾಳೆ, ಕೈ ನೆಟ್ಟಗಾದ ಮಗ ರೇಡಿಯಂ ಕತ್ತರಿಸಿ ಕೊಡುತ್ತಾನೆ, ನಾನು ಬಾಯಿಯ ಅಳತೆ ಕೊಡುತ್ತೇನೆ. ಮೊನ್ನೆ ಭೂಸನೂರಿನ ರಸ್ತೆಯಲ್ಲಿ ಹೋಗುವಾಗ ಎಣಿಸಿದೆ, ಸಾಲಾಗಿ ಹತ್ತೊಂಬತ್ತು ಟ್ರಾಲಿ, ಹತ್ತೊಂಬತ್ತು ಮುದುಕಿಯರು, ಎಲ್ಲರೂ ಬಾಯಿ ತೆರೆದು ಹೊಳೆಯುತ್ತಿದ್ದಾರೆ.

ನಮ್ಮ ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. "ಮನ್ಯಾಗ ಈಕಿ ಒಬ್ಬಾಕಿ ಅದಾಳಂತ ಇಷ್ಟು ವರ್ಷ ರಸ್ತಾಕ್ಕ ಬಂದು ಕೂಡ್ತಿದ್ದೆ. ಈಗ ರಸ್ತಾ ತುಂಬ ಈಕಿನ. ಇನ್ನ ನಾ ಎಲ್ಲಿಗಿ ಹೋಗ್ಲೆಪ್ಪಾ?"