ಒಂದು ಹಾಡಿಗಾಗಿ ಮರುಮದುವೆ

ತಾನು ಹಾಡಬಲ್ಲೆ ಎಂಬ ನಂಬಿಕೆ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಹುಟ್ಟಿದರೆ ಅದಕ್ಕೆ ಔಷಧವಿಲ್ಲ. ಚಿಕ್ಕಂದಿನಲ್ಲೇ ಬಂದಿದ್ದರೆ ಮೇಷ್ಟ್ರು ಕಿವಿ ಹಿಂಡಿ ವಾಸಿಮಾಡುತ್ತಿದ್ದರು. ನನಗೆ ಅದು ಬಂದದ್ದು ಕೋಲ್ಕತ್ತಕ್ಕೆ ವರ್ಗವಾದ ಮೇಲೆ. ಬಿಬಿಡಿ ಬಾಗ್‌ನ ಬ್ಯಾಂಕಿನಲ್ಲಿ ದಿನವಿಡೀ ಜನರ ಸಾಲದ ಅರ್ಜಿಗಳನ್ನು ತಿರಸ್ಕರಿಸಿ, ಲೇಕ್ ಗಾರ್ಡನ್ಸ್‌ನ ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡರೆ ಒಂದು ಹಳೆಯ ಪ್ರೇಮಗೀತೆ ತಾನಾಗಿ ಹೊರಡುತ್ತಿತ್ತು. ಮಗಳು "ಅಪ್ಪಾ, ಪ್ಲೀಸ್, ಐ ಹ್ಯಾವ್ ಎಗ್ಸಾಮ್ಸ್" ಎನ್ನುತ್ತಿದ್ದಳು. ಹೆಂಡತಿ ವಾರಿಜ ಏನೂ ಅನ್ನುತ್ತಿರಲಿಲ್ಲ. ಅದನ್ನು ನಾನು ಮೆಚ್ಚುಗೆ ಎಂದುಕೊಂಡಿದ್ದೆ.

ಹೀಗಾಗಿ ನಮ್ಮ ಕನ್ನಡ ಸಂಘದವರು ಈ ಸಲದ ಕೂಟದಲ್ಲಿ ಕರೋಕೆ ಇಡೋಣ ಎಂದಾಗ ಮೊದಲು ಕೈ ಎತ್ತಿದವನು ನಾನೇ. ನ್ಯೂ ಟೌನ್‌ನ ಐಟಿ ಕಂಪನಿಯಲ್ಲಿರುವ ಬೆಂಗಳೂರಿನ ಹುಡುಗ ಇಮ್ರಾನ್ ಯಂತ್ರ ತರುತ್ತೇನೆಂದ. ಎಲ್ಲ ಸರಿಹೋಯಿತು ಎನ್ನುವಾಗ ಹಾಲ್‌ನ ಮ್ಯಾನೇಜರ್ ಘೋಷ್‌ಬಾಬು, "ದಾದಾ, ಗಾನಾ ಬಜೇಗಾ ತೋ ಲೈಸೆನ್ಸ್ ಲಗೇಗಾ" ಎಂದು ಕೈಕಟ್ಟಿ ಕೂತರು.

"ಒಂದಲ್ಲ ಸರ್" ಎಂದು ಇಮ್ರಾನ್ ಗಾಯಕ್ಕೆ ಉಪ್ಪು ಸವರಿದ. "ಬರೆದೋರು, ಟ್ಯೂನ್ ಹಾಕಿದೋರ ಕಡೆಯಿಂದ ಒಂದು, ರೆಕಾರ್ಡಿಂಗ್ ಕಂಪನಿ ಕಡೆಯಿಂದ ಇನ್ನೊಂದು. ಟ್ರ್ಯಾಕಲ್ಲಿ ಬರೀ ಮ್ಯೂಸಿಕ್ ಇದೆ, ಹಾಡೋದು ನಾವೇ ಅಂದ್ರೂ ಬಿಡಲ್ಲ."

ಹಾಡು ಕಟ್ಟಿದವರಿಗೆ ಅವರ ಪಾಲು ಸಲ್ಲಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ನಾನು ಹಾಡುವ ರೀತಿಗೆ ಅವರಿಗೆ ಪರಿಹಾರಧನವನ್ನೂ ಕೊಡಬೇಕಾದೀತು. ಆದರೆ ಸಂಘದ ಖಜಾಂಚಿ, ಎರಡೆರಡು ಲೈಸೆನ್ಸ್ ತೆಗೆದರೆ ಊಟಕ್ಕೆ ಮಜ್ಜಿಗೆಯೇ ಗತಿ, ಕರೋಕೆ ಬಿಟ್ಟು ರಸಪ್ರಶ್ನೆ ಇಡೋಣ ಎಂದುಬಿಟ್ಟರು. ಎರಡು ತಿಂಗಳಿಂದ ತಣ್ಣೀರು ಕುಡಿಯದೆ ಕಾಪಾಡಿಕೊಂಡಿದ್ದ ಗಂಟಲು ನನ್ನದು. ಇನ್ನೊಂದು ವರ್ಷ ಕಾಯುವಷ್ಟು ವಯಸ್ಸು ನನ್ನ ಹತ್ತಿರ ಇದೆ ಎಂದು ಅನ್ನಿಸಲಿಲ್ಲ.

ನಾನು ಸುತ್ತೋಲೆಗಳನ್ನು ಓದಿಯೇ ತಲೆ ನರೆಸಿಕೊಂಡವನು. ಯಾವ ನಿಯಮಕ್ಕೂ ಕೊನೆಯಲ್ಲೊಂದು ವಿನಾಯಿತಿ ಇದ್ದೇ ಇರುತ್ತದೆಂದು ಗೊತ್ತು. ಹಕ್ಕುಸ್ವಾಮ್ಯದ ಕಾನೂನನ್ನು ಹುಡುಕಿ ಓದಿದೆ. ಸಿಕ್ಕಿತು. ಮದುವೆ ಸಮಾರಂಭದ ಹಾಡಿಗೆ ಲೈಸೆನ್ಸ್ ಬೇಡ. ಕುಣಿಯುತ್ತ ಹೋಗಿ, ಅದೇ ದಿನ ನನ್ನ ಮದುವೆಯ ವಾರ್ಷಿಕೋತ್ಸವ ಮಾಡುತ್ತೇನೆ ಎಂದೆ. ಘೋಷ್‌ಬಾಬು ತಲೆ ಅಲ್ಲಾಡಿಸಿದರು. ವಾರ್ಷಿಕೋತ್ಸವ ನಡೆಯದು, ಬಿಯೇನೇ ಆಗಬೇಕು. ಅವರ ಭಾಷೆಯಲ್ಲಿ ಬಿಯೇ ಎಂದರೆ ಸಾಕ್ಷಾತ್ ಮದುವೆ. ಸಂಘದಲ್ಲಿ ಮದುವೆಗೆ ಸಿದ್ಧರಾದವರು ಯಾರೂ ಇರಲಿಲ್ಲ. ಇಮ್ರಾನನನ್ನು ನೋಡಿದೆ. ಅವನು ಕೇಬಲ್ ಸುತ್ತುವುದರಲ್ಲಿ ಮಗ್ನನಾದ.

ರಾತ್ರಿ ಊಟಕ್ಕೆ ಕೂತಾಗ ವಾರಿಜಳ ಹತ್ತಿರ ಮೆಲ್ಲಗೆ ವಿಷಯ ಎತ್ತಿದೆ.

"ನಿಮ್ಮ ಒಂದು ಹಾಡಿಗೆ ನಾನು ಇನ್ನೊಂದು ಸಲ ಮದುವೆ ಆಗ್ಬೇಕಾ?" ಎಂದಳು. "ಮೊದಲ್ನೇದು ಎಂತಕ್ಕೆ ಆದದ್ದು ಅಂತ್ಲೇ ಇನ್ನೂ ಗೊತ್ತಾಗ್ಲಿಲ್ಲ ನಂಗೆ." ಹಾಗೆಂದವಳು ಮರುದಿನವೇ ಗರಿಯಾಹಾಟ್‌ಗೆ ಹೋಗಿ ಸೀರೆ ತಂದಳು.

ನನ್ನ ಲೆಕ್ಕ ಸರಳವಾಗಿತ್ತು. ಹಾರ ಬದಲಾಯಿಸುವುದು, ಅಕ್ಷತೆ ಹಾಕಿಸಿಕೊಳ್ಳುವುದು, ಎದ್ದು ಮೈಕ್ ಹಿಡಿಯುವುದು. ಆದರೆ ಪುರೋಹಿತರಾಗಿ ಕರೆದದ್ದು ನಮ್ಮ ಬ್ಯಾಂಕಿನಲ್ಲೇ ನಿವೃತ್ತರಾದ ಉಡುಪರನ್ನು. "ಮಂತ್ರ ಹೇಳಿದ ಮೇಲೆ ನಾಟಕದ ಮದುವೆ ಅಂತ ಇಲ್ಲ ಮಾರಾಯ್ರೆ. ಮಾಡುದಾದ್ರೆ ಸರೀ ಮಾಡುವ" ಎಂದು ಸಂಕಲ್ಪದಿಂದಲೇ ಶುರುಮಾಡಿದರು. ಘೋಷ್‌ಬಾಬು ಬೇರೆ ತಮ್ಮ ಕಡೆಯ ಉಡುಗೊರೆಯೆಂದು ಬಂಗಾಳಿ ವರನ ಟೋಪರ್ ತಂದು ನನ್ನ ತಲೆಗೇರಿಸಿದರು. ಬೆಂಡಿನಲ್ಲಿ ಮಾಡಿದ ಆ ಬಿಳೀ ಗೋಪುರ ಕತ್ತು ತಿರುಗಿಸಿದರೆ ಜಾರುತ್ತದೆ. ನಾನು ಹಸೆಯ ಮೇಲೆ ಕೆಮ್ಮಲೂ ಹೆದರಿ ಕೂತೆ.

ಎದುರಿಗೆ ಕರೋಕೆ ರಂಗೇರಿತು. ಖಜಾಂಚಿ ಹಾಡಿದರು. ಅವರ ಭಾವಮೈದ ಎರಡು ಹಾಡಿದ. ಘೋಷ್‌ಬಾಬು ಕಣ್ಣುಮುಚ್ಚಿಕೊಂಡು ಬಂಗಾಳಿಯಲ್ಲೊಂದು ಹಾಡಿದರು. ಉಡುಪರು ಮಾತ್ರ ಒಂದು ಮಂತ್ರವನ್ನೂ ನುಂಗಲಿಲ್ಲ. ಊಟದ ಎಲೆ ಹಾಕುವ ಹೊತ್ತಿಗೆ ಇಮ್ರಾನ್, "ನೆಕ್ಸ್ಟ್, ನಮ್ಮ ಮದುಮಗ ಸರ್" ಎಂದು ನನ್ನ ಟ್ರ್ಯಾಕ್ ಹಾಕಿದ. ಏಳಲು ಹೋದರೆ ಉಡುಪರು ಮಣಿಕಟ್ಟು ಹಿಡಿದರು. "ವರ ಈಗ ಏಳುವ ಹಾಗಿಲ್ಲ, ಮಂತ್ರ ಬಿಟ್ಟು ಬೇರೆಂತದೂ ಹೇಳುವ ಹಾಗೂ ಇಲ್ಲ."

ಪೀಠಿಕೆಯ ಸಂಗೀತ ಮುಗಿಯುತ್ತ ಬಂತು. ನನಗೆ ನಿಜಕ್ಕೂ ಅಳು ಬಂತು. ಆಗ ವಾರಿಜ ಕೈಚಾಚಿ ಮೈಕ್ ತೆಗೆದುಕೊಂಡು, ಕೂತಲ್ಲಿಂದಲೇ ನನ್ನ ಹಾಡನ್ನು ಹಾಡಿದಳು. ಮೊದಲಿನಿಂದ ಕೊನೆಯವರೆಗೆ, ಎಲ್ಲೂ ತಪ್ಪದೆ. ಬಚ್ಚಲಿನ ಬಾಗಿಲಾಚೆ ನಿಂತು ಕೇಳಿ ಕಲಿತದ್ದಂತೆ. ನಾನು ಅಷ್ಟು ದಿನ ಎಲ್ಲೆಲ್ಲಿ ಎಡವುತ್ತಿದ್ದೆನೆಂದು ನನಗೆ ಗೊತ್ತಾದದ್ದೂ ಆಗಲೇ. ಮಗಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

"ಅದು ನನ್ನ ಹಾಡು. ಒಂದು ಮಾತು ಕೇಳಬಾರದಿತ್ತಾ?" ಎಂದೆ, ತುಟಿ ಅಲುಗಿಸದೆ.

"ಮದುವೇಲಿ ಹಾಡ್ಲಿಕ್ಕೆ ಯಾರನ್ನೂ ಕೇಳ್ಬೇಕಂತಿಲ್ಲ ಅಲ್ವಾ?" ಎಂದಳು.

ಆ ವಿನಾಯಿತಿಯನ್ನು ಹುಡುಕಿ ತಂದವನು ನಾನೇ ಆದ್ದರಿಂದ ಹೌದೆಂದು ತಲೆಯಾಡಿಸಿದೆ. ಟೋಪರ್ ಬಿತ್ತು.