ಬೀಗತನವಿಲ್ಲದ ಮೂರು ಮನೆ

ಬನಹಟ್ಟಿಯ ನೇಕಾರರ ಹಣೆಬರಹ ಇನ್ನು ಮುಂದೆ ಒಬ್ಬ ಮನುಷ್ಯನ ಕಪಾಟಿನಲ್ಲಿ ಕೂತಿರುವುದಿಲ್ಲ ಎಂದು ಚಿದಾನಂದ ಸಂಘದ ಸಭೆಯಲ್ಲಿ ಸಾರಿದ. ಅದೂ ಎದ್ದು ನಿಂತು, ಕೈಯಲ್ಲಿದ್ದ ಚಹಾ ಆರಿ ಕೆನೆ ಕಟ್ಟುವವರೆಗೆ. ಆ ಒಬ್ಬ ಮನುಷ್ಯ, ಅಂದರೆ ಸಂಘದ ಕಾರ್ಯದರ್ಶಿ ಗಿರಮಲ್ಲಪ್ಪ, ಎದುರಿಗೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಸಿಟ್ಟಿಗೆ ಕಾರಣವಿತ್ತು. ಯಾವ ನೇಕಾರ ಸೀರೆಯ ಅಂಚಿಗೆ ಹೊಸ ಚಿತ್ತಾರದ ದಡಿ ಮಾಡಿದರೂ ಅದನ್ನು ಸಂಘದ ರಿಜಿಸ್ಟರಿನಲ್ಲಿ ಬರೆಸಬೇಕು. ಮೊದಲು ಬರೆಸಿದವನದೇ ದಡಿ. ಹೋದ ವರ್ಷ ಚಿದಾನಂದ ಮೂರು ತಿಂಗಳು ತಲೆ ಕೆಡಿಸಿಕೊಂಡು ಒಂದು ದಡಿ ಮಾಡಿದ. ಬರೆಸಲು ಹೋದರೆ ಗಿರಮಲ್ಲಪ್ಪ ಕಪಾಟಿನ ಕೀಲಿಯ ಸಮೇತ ಶ್ರೀಶೈಲಕ್ಕೆ ನಡೆದುಕೊಂಡು ಹೋಗಿದ್ದ. ಅವನು ಮರಳಿ ಬರುವಷ್ಟರಲ್ಲಿ ಅದೇ ದಡಿ ಮೂರು ಓಣಿಯ ಮಗ್ಗಗಳಲ್ಲಿ ಖಟಖಟ ಎನ್ನುತ್ತಿತ್ತು. "ದೇವರ ಕೆಲಸಕ್ಕ ಹೋಗಿದ್ದೆ," ಎಂದ ಗಿರಮಲ್ಲಪ್ಪ. ದೇವರ ಮೇಲೆ ಯಾರಿಗೆ ದೂರು ಕೊಡುವುದು?

ಅಂದಿನಿಂದ ಚಿದಾನಂದ ಮೊಬೈಲಿನಲ್ಲಿ ಬ್ಲಾಕ್‌ಚೈನ್ ಕಲಿಯಲು ಕೂತ. ಆರು ತಿಂಗಳು ಊಟದ ತಾಟಿನ ಮುಂದೆಯೂ ಅದೇ ಪಾಠ. ಕಲಿತದ್ದನ್ನು ಹೆಂಡತಿ ಪೂರ್ಣಿಮಾಳಿಗೆ ಒಪ್ಪಿಸಿದ.

"ಒಂದ ರಿಜಿಸ್ಟರು ನಾಕು ಊರಾಗ, ನಾಕು ಪೆಟ್ಟಿಗ್ಯಾಗ ಇರ್ತೈತಿ. ಹೊಸಾದು ಬರೀಬೇಕಂದ್ರ ನಾಕರಾಗ ಮೂರು ಪೆಟ್ಟಿಗಿ ಹೌದನ್ನಬೇಕು. ಒಬ್ಬಾವ ಕದ್ದು ತಿದ್ದಿದ್ರ ಉಳಿದವ್ರು ಒಪ್ಪೂದಿಲ್ಲ. ಯಜಮಾನ ಅಂತ ಯಾರೂ ಇಲ್ಲ. ಇದಕ್ಕ ವಿಕೇಂದ್ರೀಕರಣ ಅಂತಾರ."

"ಯಜಮಾನ ಇಲ್ಲದ ನಡಸೂದು ನನಗೇನ ಹೊಸಾದಲ್ಲ ಬಿಡ್ರಿ," ಎಂದಳು ಪೂರ್ಣಿಮಾ. "ಪೆಟ್ಟಿಗಿ ಯಾರ ಮನ್ಯಾಗ ಇಡಾವ್ರು?"

"ನಂಬಿಗಸ್ತರ ಮನ್ಯಾಗ."

ನಂಬಿಗಸ್ತರು ಎಂದರೆ ಪೂರ್ಣಿಮಾಳ ಮೂವರು ತಂಗಿಯರು. ಒಬ್ಬಳು ಜಮಖಂಡಿಗೆ, ಒಬ್ಬಳು ಮುಧೋಳಕ್ಕೆ, ಒಬ್ಬಳು ಬೀಳಗಿಗೆ ಮದುವೆಯಾಗಿ ಹೋದವರು. ವಿಕೇಂದ್ರೀಕರಣಕ್ಕೆಂದೇ ದೇವರು ಹಂಚಿಟ್ಟಂತಿತ್ತು. ಮೂರೂ ಮನೆಯ ಟಿವಿಯ ಪಕ್ಕದಲ್ಲಿ ಬುತ್ತಿ ಡಬ್ಬಿಯಷ್ಟಿದ್ದ ಒಂದೊಂದು ಪೆಟ್ಟಿಗೆ ಕೂತಿತು. ನಾಲ್ಕನೆಯದು ಚಿದಾನಂದನ ಮನೆಯಲ್ಲಿ. ಸಂಘದ ಅಧ್ಯಕ್ಷ ಅಣ್ಣಾಸಾಹೇಬರು, "ಒಮ್ಮೆ ಮಾಡಿ ತೋರಿಸು. ಆಗಲಿಲ್ಲಂದ್ರ ಕಪಾಟಂತೂ ಇದ್ದ ಐತಿ," ಎಂದರು. ಚಿದಾನಂದನ ಹತ್ತಿರ ಹೊಸ ದಡಿಯೊಂದು ತಯಾರಾಗಿತ್ತು. ಇದೂ ಕೈತಪ್ಪಿದರೆ ಮಗ್ಗ ಬಿಚ್ಚಿ ಕಿರಾಣಿ ಅಂಗಡಿ ಹಾಕುವುದೇ ಮೇಲು ಎಂದು ಅವನು ಮನಸ್ಸು ಮಾಡಿಬಿಟ್ಟಿದ್ದ.

ತೋರಿಸುವ ದಿನವನ್ನೂ ತಾನೇ ಆರಿಸಿದ. ಬಸುರಿ ಮಗಳು ರಾಜೇಶ್ವರಿಯ ಕುಬಸದ ದಿನ. ಹೇಗೂ ಅಣ್ಣಾಸಾಹೇಬರು ಊಟಕ್ಕೆ ಬರುವವರು, ಬೀಗರ ಮುಂದೆ ಒಂದಿಷ್ಟು ಮೆರೆದ ಹಾಗೂ ಆಗುತ್ತದೆ. ಮೂರೂ ಊರಿಗೆ ಖುದ್ದಾಗಿ ಬೈಕ್ ಹೊಡೆದು ಕರೆದು ಬಂದ. "ಒಂದ ನರಪಿಳ್ಳಿ ಮನ್ಯಾಗ ಉಳೀಬಾರದು ನೋಡ್ರಿ," ಎಂದು ತಾಕೀತು ಬೇರೆ. ಅಕ್ಕನ ಗಂಡ, ಮಾವನ ಮಾತು ಅವರು ಮೀರಲಿಲ್ಲ, ಎಲ್ಲರೂ ಬಂದರು.

ಮಗಳಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಆರತಿಯಾಯಿತು. ಹೋಳಿಗೆ ಊಟವೂ ಆಯಿತು. ಚಿದಾನಂದ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದ. ಅಣ್ಣಾಸಾಹೇಬರು ಕನ್ನಡಕ ಹಾಕಿಕೊಂಡು ಹತ್ತಿರ ಸರಿದರು.

"ಈಗ ನನ್ನ ದಡಿ ಏರಸಾಕತ್ತೇನ್ರಿ. ಮೂರು ಊರು ಹೌದಂತಾವ, ಮುಗೀತು. ಆ ಬ್ರಹ್ಮ ಬಂದ್ರೂ ಅಳಸಾಕ ಆಗೂದಿಲ್ಲ."

ಗುಂಡಿ ಒತ್ತಿದ. ಪರದೆಯ ಮೇಲೆ 'ನಾಲ್ಕರಲ್ಲಿ ಒಂದು' ಎಂದು ಬಂತು. ಕಾದ. ನಾಲ್ಕರಲ್ಲಿ ಒಂದು. ಹೌದೆಂದದ್ದು ಅವನ ಮನೆಯ ಪೆಟ್ಟಿಗೆ ಮಾತ್ರ. ಅಣ್ಣಾಸಾಹೇಬರು ಹಲ್ಲಿನ ಸಂದಿಯಲ್ಲಿ ಸಿಕ್ಕ ಕಡಲೆಬೇಳೆ ತೆಗೆದು ಮುಗಿಸಿದರೂ ಅದೇ ಒಂದು.

"ಕರೆಂಟ್ ಹೋಗಿರಬೇಕ್ರಿ," ಎಂದು ಜಮಖಂಡಿಗೆ ಫೋನು ಹಚ್ಚಿದ. ಅಡುಗೆಮನೆಯಲ್ಲಿ ರಿಂಗಾಯಿತು. ಬೀಳಗಿಗೆ ಹಚ್ಚಿದ. ಹಿಂದಿನ ಕೋಣೆಯಲ್ಲಿ, ಎಲೆಯಡಿಕೆ ತಾಟಿನ ಬದಿಗೆ ರಿಂಗಾಯಿತು. ಮುಧೋಳಕ್ಕೆ ಹಚ್ಚುವುದರೊಳಗೆ ಮುಧೋಳದವಳೇ ಬಾಗಿಲಿಗೆ ಬಂದು, "ನಾ ಇಲ್ಲೇ ಅದೇನಲ್ರಿ ಮಾವಾ," ಎಂದಳು.

"ನಿಮ್ಮಲ್ಲಿ ಕರೆಂಟ್ ಐತೇನವಾ?"

"ಊರಾಗ ಐತ್ರಿ. ಮನೀದು ನಾ ಮೇನ್ ಬಂದ್ ಮಾಡಿ ಬಂದೇನಿ."

"ಪೆಟ್ಟಿಗಿ ಬಂದ್ ಮಾಡಬ್ಯಾಡ ಅಂದಿದ್ನೆಲ್ಲ."

"ಪೆಟ್ಟಿಗಿ ನಾ ಮುಟ್ಟೇ ಇಲ್ರಿ. ಮೇನ್ ಅಷ್ಟ ಬಂದ್ ಮಾಡೇನಿ."

ಬೀಳಗಿಯವಳದೂ ಅದೇ ಉತ್ತರ. ಜಮಖಂಡಿಯವಳು ಒಂದು ಹೆಜ್ಜೆ ಮುಂದೆ ಹೋಗಿ ಫ್ಯೂಜನ್ನೇ ಕಿತ್ತು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದಳು. ತೆಗೆದು ತೋರಿಸಿದಳು ಕೂಡ.

"ಮೂರೂ ಮಂದಿಗೆ ಒಂದ ಬುದ್ಧಿ ಹೆಂಗ ಬಂತು?" ಎಂದು ಚಿದಾನಂದ ತಲೆ ಹಿಡಿದುಕೊಂಡ.

ಮೂವರೂ ಮೂಲೆಯ ಕಡೆ ನೋಡಿದರು. ಅಲ್ಲಿ ಅವರ ತಾಯಿ, ಗಲಗಲಿಯ ಸಾವಕ್ಕ, ಅಡಿಕೆ ಕತ್ತರಿಸುತ್ತಿದ್ದಳು. "ಕೀಲಿ ಹಾಕೂ ಮುಂಚೆ ಮೇನ್ ಬಂದ್ ಮಾಡ್ರಿ ಅಂತ ನಾನ ಕಲಿಸೇನಿ. ತಪ್ಪೇನೈತಿ? ಎಲ್ಲಿ ಕೊಟ್ರೂ ನನ್ನ ಹೆಣಮಕ್ಕಳು ನನ್ನ ಮಾತ ಮೀರಿಲ್ಲ," ಎಂದಳು ಹೆಮ್ಮೆಯಿಂದ.

ಅಣ್ಣಾಸಾಹೇಬರು ಕನ್ನಡಕ ತೆಗೆದು ಮಡಚಿದರು. "ಪೆಟ್ಟಿಗಿ ನಾಕು ಊರಾಗ ಇಟ್ಟೀದಿ, ಖರೆ. ಸ್ವಿಚ್ಚು ಸಾವಕ್ಕನ ಕೈಯಾಗ ಐತಿ. ಇದಕ್ಕ ಗಿರಮಲ್ಲಪ್ಪನ ಕಪಾಟ ಏನ್ ಕಡಿಮ್ಯಾತೋ ಚಿದಾನಂದ?"

ಬೀಗರೆಲ್ಲ ನಕ್ಕರು. ಚಿದಾನಂದನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಎಂಟು ದಿನ ಕೊಡಿ ಎಂದು ಕೈಮುಗಿದ.

"ಕೊಟ್ಟೆ. ಆದ್ರ ಒಬ್ಬರ ಕಾರ್ಯಕ್ಕ ಒಬ್ಬರು ಹೋಗದಂಥ ಮೂರು ಮನಿ ಹುಡುಕು. ಬೀಗತನ ಇರಬಾರದು."

ಅದೇನು ಮಹಾ ಎಂದು ಮರುದಿನ ಚಿದಾನಂದ ಹಾಳೆ ಹಿಡಿದು ಕೂತ. ಪೂರ್ಣಿಮಾ ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು.

"ಮುಧೋಳದ ಶಿವಯೋಗಿ ಮಾಸ್ತರು?"

"ನಮ್ಮ ಚಿಗವ್ವನ ನೆಗೆಣ್ಣಿ ತಮ್ಮ."

"ಸಮೀರವಾಡಿ ವೀರಣ್ಣ?"

"ಅಳಿಯಗ ಸೋದರಮಾವ. ನಿನ್ನೆ ನಿಮ್ಮ ಬಾಜೂಕ ಕುಂತು ಐದು ಹೋಳಗಿ ತಿಂದ್ರಲ್ಲ, ಅವ್ರ."

"ತುಬಚಿ ನಿಂಗಣ್ಣ?"

"ಅವ್ರ ಹೆಂಡತಿಗೆ ನಾ ಅಕ್ಕ ಆಗಬೇಕು. ಹೆಂಗಂತ ಕೇಳಬ್ಯಾಡ್ರಿ, ಅವ್ವಗ ಗೊತ್ತೈತಿ."

ಹಾಳೆಯ ಎರಡೂ ಬದಿಗೆ ಕಾಟು ಬಿದ್ದವು. ಕೃಷ್ಣೆ ಮತ್ತು ಘಟಪ್ರಭೆಯ ನಡುವೆ ಹುಟ್ಟಿದವರೆಲ್ಲ ಒಬ್ಬರಿಗೊಬ್ಬರು ಏನಾದರೂ ಆಗಲೇಬೇಕೆಂದು ಸರಕಾರದ ಆದೇಶವಿದ್ದಂತೆ ಕಂಡಿತು. ಕಡೆಗೆ ಉಳಿದದ್ದು ಎರಡೇ ಹೆಸರು: ರಾಯಚೂರಿನಿಂದ ಜಮಖಂಡಿಗೆ ವರ್ಗವಾಗಿ ಬಂದ ಪೋಸ್ಟ್‌ಮಾಸ್ತರರು, ಮುಧೋಳದಲ್ಲಿ ಔಷಧದ ಅಂಗಡಿ ಇಟ್ಟ ರಾಜಸ್ಥಾನದ ಸೇಠಜಿ. ಇಬ್ಬರೂ ಒಪ್ಪಿದರು. ಏಳು ದಿನ ಮುಗಿದರೂ ಅಣ್ಣಾಸಾಹೇಬರು ಕೇಳಿದ ಮೂರನೆಯ ಮನೆ ಸಿಗಲಿಲ್ಲ.

"ರಬಕವ್ಯಾಗ ಒಂದ ಮನಿ ಐತಿ," ಎಂದಳು ಪೂರ್ಣಿಮಾ. "ಅವ್ರಿಗೂ ನಮಗೂ ಹೆಣ್ಣು ಕೊಡೂ ಮಾತು ಮುರದು ಹದಿನಾರು ವರ್ಷಾತು. ಅವತ್ತಿನಿಂದ ನಮ್ಮ ಮಂದಿ ಮದಿವಿಗೆ ಬಂದಿಲ್ಲ, ಮಣ್ಣಿಗೆ ಬಂದಿಲ್ಲ. ನಮ್ಮ ಬೀಗರ ಹೊಸ್ತಿಲಾನೂ ತುಳಿಯೂದಿಲ್ಲ. ನೀವು ಸತ್ತೇನಂದ್ರೂ ಮನಿ ಬಿಟ್ಟು ಏಳೂದಿಲ್ಲ."

"ಯಾರು?"

"ಗಿರಮಲ್ಲಪ್ಪ."

"ಅವನ ಕೈಯಾಗಿಂದು ತಪ್ಪಸಾಕ ನಾ ಇಷ್ಟೆಲ್ಲ ಕುಣದದ್ದು."

"ಒಬ್ಬಾವ ತಿದ್ದಿದ್ರ ಉಳಿದವ್ರು ಒಪ್ಪೂದಿಲ್ಲ ಅಂತ ಹೇಳಿದವ್ರು ನೀವ. ನಿಮ್ಮ ಪೆಟ್ಟಿಗಿ ಮ್ಯಾಲ ನಿಮಗ ನಂಬಿಗಿ ಇಲ್ಲೇನು?"

ಚಿದಾನಂದ ಪೆಟ್ಟಿಗೆಯನ್ನು ಕೈಚೀಲದಲ್ಲಿಟ್ಟುಕೊಂಡು ಪಕ್ಕದ ರಬಕವಿಗೆ, ಗಿರಮಲ್ಲಪ್ಪನ ಮನೆಗೆ ಹೋದ. ಗಿರಮಲ್ಲಪ್ಪ ಎಲ್ಲ ಕೇಳಿ, ಪೆಟ್ಟಿಗೆಯನ್ನು ಬೋರಲು ಹಾಕಿ ನೋಡಿದ.

"ಇದರಾಗಿಂದು ನನಗ ತಿದ್ದಾಕ ಬರೂದಿಲ್ಲ?"

"ಬರೂದಿಲ್ರಿ."

"ನಿನಗೂ?"

"ನನಗೂ ಇಲ್ರಿ."

"ಮತ್ತ ನನ್ನ ಮನೀನ ಯಾಕ ಬೇಕಾತು?"

ಚಿದಾನಂದ ಇದ್ದದ್ದು ಇದ್ದ ಹಾಗೆ ಹೇಳಿದ. "ನೀವೊಬ್ರ ನೋಡ್ರಿ, ನಾವು ಕರದ್ರೂ ಬರದವ್ರು."

ಗಿರಮಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ಒಳಗೆ ಕೂಗಿ ಚಹಾ ತರಿಸಿದ. ಹದಿನಾರು ವರ್ಷದ ಮೇಲೆ ಆ ಮನೆಯ ಚಹಾ ಗಂಟಲಿಗೆ ಇಳಿದದ್ದೇ ತಡ, ಚಿದಾನಂದನ ಮನಸ್ಸು ಕರಗಿಹೋಯಿತು.

"ಹಳೇದೆಲ್ಲ ಬಿಟ್ಟು ಬಿಡೂಣ್ರಿ ಕಾಕಾ. ಮಗಳ ಕೂಸಿನ ತೊಟ್ಟಲಕ್ಕ ನೀವು ಮನಿ ಮಂದಿ ಎಲ್ಲಾರೂ ಬರಬೇಕು."

"ಬಾಯಿ ಮುಚ್ಚಿ ಚಹಾ ಕುಡಿ," ಎಂದ ಗಿರಮಲ್ಲಪ್ಪ. "ಪೆಟ್ಟಿಗಿ ಇಡ್ತೇನಿ. ಆದ್ರ ನಮ್ಮ ಜಗಳ ಮುರೀಬ್ಯಾಡ. ನಿನ್ನ ದಡಿ ಈಗ ಅದರ ಮ್ಯಾಲ ನಿಂತೈತಿ."